ಕರ್ತನೋ ಕಾಂತನೋ

ಚರ್ಚಿನ ಹಾಡಿನ ಮೇಷ್ಟ್ರು ಬಾಗಿಲಲ್ಲಿ ನಿಂತು ಮತ್ತೊಮ್ಮೆ "ಆ ಹಾಡು ಬೇಡ" ಅಂದಾಗ ಮಗಳು ಅಮ್ಮನ ಶವಪೆಟ್ಟಿಗೆಯೊಳಗೆ ಹಾಸುವ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಅಮ್ಮ ಜೀವಮಾನವೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ತಿಕ್ಕಿದವಳು. ಸುಕ್ಕುಬಿದ್ದ ಬಟ್ಟೆಯ ಮೇಲೆ ಮಲಗಿಸಿದರೆ ಎದ್ದು ಕೂತು ಬೈಯುವ ಪೈಕಿ.

"ಬೇರೆ ಯಾವುದು ಬೇಕಾದ್ರೂ ಹೇಳಮ್ಮ, ನಮ್ಮ ತಂಡ ಹಾಡುತ್ತೆ. ಅದೊಂದು ಬೇಡ."

"ಅಮ್ಮ ಕೇಳಿದ್ದು ಅದೊಂದನ್ನೇ, ಮೇಷ್ಟ್ರೇ."

"ಅದು ನಾನು ಬರೆದ ಹಾಡು. ದೇವರಿಗೆ ಅಂತ ಬರೆದಿದ್ದು. ನಿಮ್ಮಮ್ಮ ಟಿವಿಯಲ್ಲಿ ಅದನ್ನ ಏನು ಮಾಡಿಟ್ರು ಅಂತ ನಾನು ಕಿವಿಯಾರೆ ಕೇಳಿದೀನಿ."

"ಕಣ್ಣುಬಿಟ್ಟು ನೋಡಿದ್ರೆ ತುಟಿ ಬೇರೆ ಹೇಳ್ತಿದ್ದಿದ್ದೂ ಕಾಣ್ತಿತ್ತು."

ಚರ್ಚಿನ ಗಾಯಕರಿಗೆಲ್ಲ ಗುರುವಾದ ಮೇಷ್ಟ್ರಿಗೆ ಯಾರೂ ಹೀಗೆ ಎದುರು ಮಾತಾಡಿದ್ದಿಲ್ಲ, ಈ ಮನೆಯವರ ಹೊರತು. ಅವರು ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿದರು. ಮಗಳು ಬಟ್ಟೆ ಮಗುಚಿ ಇನ್ನೊಂದು ಬದಿ ತಿಕ್ಕಿದಳು. ಆಸ್ಪತ್ರೆಯ ಮಂಚದಲ್ಲಿ ಅಮ್ಮ ಕೇಳಿದ್ದು ಇಷ್ಟೇ: ಗುಂಡಿಯ ಹತ್ತಿರ ಆ ಹಾಡು ಆಗಬೇಕು, ಸರಿಯಾದ ಮಾತಿನಲ್ಲಿ ಆಗಬೇಕು. ಮಗಳು ಆಗಲಿ ಅಂದಿದ್ದಾಳೆ. ಅಂದಮೇಲೆ ಮುಗಿಯಿತು.

*

ಲಾಂಡ್ರಿಯಲ್ಲಿ ಅಮ್ಮನಿಗೆ ಗಂಟಲಕ್ಕ ಅಂತಲೇ ಹೆಸರು. ಒಗೆಯುವ ಯಂತ್ರಗಳ ಗಲಾಟೆಯನ್ನು ಮೀರಿಸಿ ಹಾಡುತ್ತಿದ್ದಳು. ಟಿವಿಯ ಹಾಡಿನ ಸ್ಪರ್ಧೆಗೆ ಅವಳನ್ನು ಕಳಿಸಿದ್ದೂ ಲಾಂಡ್ರಿಯವರೇ. ಅಲ್ಲಿ ಅವಳು ಆರಿಸಿಕೊಂಡದ್ದು ಮೇಷ್ಟ್ರ ಹಾಡು: 'ಬಾಗಿಲ ತೆರೆದಿರುವೆ, ಬಾ ಕರ್ತನೇ, ದೀಪವ ಆರಿಸದೆ ಕಾದಿರುವೆ.'

ಕಾರ್ಯಕ್ರಮದ ನಿರ್ದೇಶಕ ಬಂದು ನಯವಾಗಿ ಕೇಳಿದ. "ಅಕ್ಕಾ, ಎಲ್ಲಾ ತರದ ಜನ ನೋಡೋ ಕಾರ್ಯಕ್ರಮ. ದೇವರು ಗೀವರು ಬೇಡ. ಕರ್ತನೇ ಅನ್ನೋ ಕಡೆ ಕಾಂತನೇ ಅನ್ನಿ. ಒಂದೇ ಒಂದು ಮಾತು."

"ಒಂದೇ ಮಾತಾ? ಗಂಡ ಸತ್ತು ಮೂಲೆ ಸೇರಿರೋ ನಾನು ಬಾಗಿಲು ತೆರೆದಿಟ್ಟು ಯಾವ ಕಾಂತನ್ನ ಕರೀಲಪ್ಪಾ?"

ಸುತ್ತ ಇದ್ದವರೆಲ್ಲ ಬಿದ್ದುಬಿದ್ದು ನಕ್ಕರು. ಆ ನಗುವಿನ ಹುಮ್ಮಸ್ಸಿನಲ್ಲಿ, ಮೈಕು ಪರೀಕ್ಷೆ ಮಾಡುವಾಗ, ಹೇಗಿರುತ್ತೆ ನೋಡೋಣ ಅಂತ ತಮಾಷೆಗೆ ಒಂದು ಸಲ 'ಕಾಂತನೇ' ಅಂದಳು. ಅದೇ ಅವಳು ಮಾಡಿದ ತಪ್ಪು. ನಿಜವಾದ ಚಿತ್ರೀಕರಣದಲ್ಲಿ ಎದೆ ತುಂಬಿ 'ಕರ್ತನೇ' ಅಂತಲೇ ಹಾಡಿದಳು. ಮಗಳು ಮುಂದಿನ ಸಾಲಿನಲ್ಲೇ ಕೂತಿದ್ದಳು.

ಪ್ರಸಾರವಾದ ದಿನ ಮನೆ ತುಂಬ ಜನ. ಟಿವಿಯಲ್ಲಿ ಅಮ್ಮನ ತುಟಿ ಕರ್ತನೇ ಅಂತು, ಅಮ್ಮನದೇ ದನಿ ಕಾಂತನೇ ಅಂತು. ಪಾಪಿಗಳು ತಮಾಷೆಯ ತುಂಡನ್ನು ತಂದು ಅಂಟಿಸಿದ್ದರು. ಕೂತವರು ಚಪ್ಪಾಳೆ ಹೊಡೆಯುತ್ತಿದ್ದಾಗ ಅಮ್ಮ ಎದ್ದು ಟಿವಿಗೆ ಬೆನ್ನು ಕೊಟ್ಟು ನಿಂತಳು. ಟಿವಿಯೊಳಗಿನ ತನ್ನ ದನಿ ಕೇಳಿಸದ ಹಾಗೆ ಅದೇ ಹಾಡನ್ನು ಸರಿಯಾಗಿ ಹಾಡಿದಳು. ಕುತ್ತಿಗೆಯ ನರಗಳು ಉಬ್ಬಿದ್ದವು.

ಮುಂದಿನ ಭಾನುವಾರ ಮೇಷ್ಟ್ರು ಅವಳನ್ನು ತಂಡದಿಂದ ತೆಗೆದರು. ನಡೆದದ್ದನ್ನು ಅವಳು ಹೇಳಿದಳು, ಅವರು ನಂಬಲಿಲ್ಲ. "ಇನ್ನೊಂದ್ಸಲ ಹೇಳಮ್ಮ" ಅಂತ ಮಗಳು ಅಂಗಲಾಚಿದರೆ, "ಇನ್ನೊಂದ್ಸಲ ಹೇಳಿದ್ರೆ ಬೇಡ್ಕೊಂಡ ಹಾಗಾಗುತ್ತೆ. ತಂಡ ಅವರದ್ದು, ಗಂಟಲು ನನ್ನದು" ಅಂದಳು. ಅಂದಿನಿಂದ ಚರ್ಚಿನ ಮೊದಲ ಬೆಂಚಿನಲ್ಲಿ ಕೂತು, ಇಡೀ ತಂಡವೇ ಮಂಕಾಗುವ ಹಾಗೆ ಹಾಡಿದಳು. ಕಾಯಿಲೆ ಬೀಳುವವರೆಗೂ ಒಂದು ವಾರವೂ ಬಿಡಲಿಲ್ಲ.

*

ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಪಾದ್ರಿಗಳು ಪ್ರಾರ್ಥನೆ ಮುಗಿಸಿದರು. ತಂಡ ಬೇರೆ ಯಾವುದೋ ಹಾಡು ಹಾಡಿ ಸುಮ್ಮನಾಯಿತು. ಮಣ್ಣು ಮುಚ್ಚುವವರು ಸಲಿಕೆ ಎತ್ತಿದರು.

"ತಡೀರಿ" ಅಂದಳು ಮಗಳು. "ಇನ್ನೊಂದಿದೆ."

ಮೇಷ್ಟ್ರು ಬೇಡ ಅಂತ ತಲೆಯಾಡಿಸಿದರು. ತಂಡದವರು ನೆಲ ನೋಡಿದರು. ಮಗಳಿಗೆ ಸ್ವರವೂ ಇಲ್ಲ, ತಾಳವೂ ಇಲ್ಲ. ಆದರೂ ಶುರು ಮಾಡಿದಳು. 'ಬಾಗಿಲ ತೆರೆದಿರುವೆ' ಅನ್ನುವಷ್ಟರಲ್ಲಿ ದನಿ ಒಡೆದು, ಅಳು ಉಕ್ಕಿ, ಮುಂದಿನ ಮಾತು ಹೊರಡಲೇ ಇಲ್ಲ. ಅಯ್ಯೋ, ಇಷ್ಟು ಹತ್ತಿರ ಬಂದು!

ಹಿಂದೆ ನಿಂತಿದ್ದ ಲಾಂಡ್ರಿಯ ಹೆಂಗಸರಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಅವರ್ಯಾರೂ ಚರ್ಚಿನ ಮುಖ ಕಂಡವರಲ್ಲ. ಹಾಡು ಬಾಯಿಪಾಠವಾಗಿದ್ದದ್ದು ಟಿವಿಯಿಂದ. ಗಂಟಲಕ್ಕ ಎಷ್ಟು ತಿದ್ದಿದರೂ ನಾಲಿಗೆ ತಿರುಗಿರಲಿಲ್ಲ. ಅವರಲ್ಲೊಬ್ಬಳು, ಬಟ್ಟೆ ಒಗೆಯುವ ಚಿಕ್ಕಮ್ಮ, ಮುಂದೆ ನುಗ್ಗಿ, ಮಗಳ ಭುಜ ಹಿಡಿದು, ಸ್ಮಶಾನವೆಲ್ಲ ಕೇಳುವಂತೆ ಎತ್ತಿಕೊಂಡಳು: "ಬಾ ಕಾಂತನೇ!" ಉಳಿದವರೂ ದನಿಗೂಡಿಸಿದರು. "ಬಾ ಕಾಂತನೇ!"

"ಚಿಕ್ಕಮ್ಮಾ, ಹಾಗಲ್ಲ..." ಅಂದಳು ಮಗಳು. ಯಾರು ಕೇಳಬೇಕು? ಕಣ್ಣೀರು ಸುರಿಸುತ್ತ, ಪ್ರೀತಿಯಿಂದ, ಪೂರ್ತಿ ತಪ್ಪಾಗಿ ಹಾಡುತ್ತಿದ್ದರು.

ಮೇಷ್ಟ್ರ ಮುಖ ಕೆಂಪಾಯಿತು. ಒಂದು ಸಾಲು ಸಹಿಸಿದರು. ಇನ್ನೊಂದಕ್ಕೆ ಆಗಲಿಲ್ಲ.

"ಕರ್ತನೇ!" ಅಂತ ಕಿರುಚಿದರು. "ಕಾಂತನೂ ಅಲ್ಲ ಮಣ್ಣೂ ಅಲ್ಲ! ಕ-ರ್ತ-ನೇ!"

"ಗಂಟಲಕ್ಕನೂ ಹಿಂಗೇ ಬೈತಿದ್ಲು ನಮಗೆ, ದಿನಾ" ಅಂದಳು ಚಿಕ್ಕಮ್ಮ, ಮೂಗೊರೆಸಿಕೊಳ್ಳುತ್ತ. "ಕಾಂತ ಅಂದ್ರೆ ಬಿಸಿ ಇಸ್ತ್ರಿಪೆಟ್ಟಿಗೇನೇ ತೋರಿಸೋಳು. ನಮಗೆ ಬರಲ್ಲ ಸ್ವಾಮಿ. ಬರೋ ನೀವೇ ಹಾಡಬಾರ್ದಾ?"

ಮೇಷ್ಟ್ರು ಮಗಳನ್ನು ನೋಡಿದರು, ಗುಂಡಿಯನ್ನು ನೋಡಿದರು.

"ದಿನಾ ಬೈತಿದ್ರಾ?"

"ದಿನಾ" ಅಂದಳು ಮಗಳು.

ಅವರು ಕನ್ನಡಕ ತೆಗೆದು ಜೇಬಿಗಿಟ್ಟರು. ಗುಂಡಿಯ ಅಂಚಿಗೆ ಬಂದು, ಲಾಂಡ್ರಿಯ ಹೆಂಗಸರತ್ತ ತಿರುಗಿ, ಬಲಗೈ ಎತ್ತಿದರು. ತಂಡದವರು ಅಭ್ಯಾಸಬಲದಿಂದ ನೆಟ್ಟಗಾದರು. ಮೊದಲ ಸಲ ಅರ್ಧ ಜನ ಕರ್ತ, ಅರ್ಧ ಜನ ಕಾಂತ.

"ತಪ್ಪು! ಮೊದಲಿಂದ!" ಅಂದರು ಮೇಷ್ಟ್ರು. ಎತ್ತಿದ ಕೈ ಇಳಿಸಲಿಲ್ಲ.

ಪಾದ್ರಿಗಳು ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸಿದರು. ಮಣ್ಣು ಮುಚ್ಚುವವರು ಇದು ಬೇಗ ಮುಗಿಯುವ ಬಾಬತ್ತಲ್ಲ ಅಂತ ಸಲಿಕೆ ಕೆಳಗಿಟ್ಟು ಮಣ್ಣಿನ ಗುಡ್ಡೆಯ ಮೇಲೆ ಕೂತರು. ಮತ್ತೆ ಮೊದಲಿಂದ ಹಾಡು ಎದ್ದಾಗ ಅವರಲ್ಲೊಬ್ಬ ಬಾಯೊಳಗೇ ಗುನುಗತೊಡಗಿದ. 'ಬಾ' ಅಂದವನು ಮೇಷ್ಟ್ರ ಮುಖ ನೋಡಿ, ಒಂದು ಗಳಿಗೆ ತಡೆದು, ಆಮೇಲೆ ಸರಿಯಾದ ಮಾತನ್ನೇ ಹೇಳಿದ.