ಏಳರ ಹಾಡು

ಡಾಕ್ಟರು ಒಂದು ಹಾಳೆಯ ಮೇಲೆ ಗಂಟಲಿನ ಚಿತ್ರ ಬಿಡಿಸಿ, ನಡುವೆ ಪೆನ್ನಿನಿಂದ ಸುತ್ತು ಹಾಕಿ, "ಇಷ್ಟನ್ನೂ ತೆಗೀಬೇಕಾಗುತ್ತೆ" ಎಂದರು. ಆ ಸುತ್ತಿನೊಳಗೆ ಇದ್ದದ್ದು ಅಕ್ಕನ ದನಿ.

"ಆಮೇಲೆ ಮಾತು?" ಪಕ್ಕದಲ್ಲಿ ಕೂತಿದ್ದ ತಮ್ಮ ಕೇಳಿದ.

"ಬೇರೆ ರೀತೀಲಿ ಕಲಿಸ್ತಾರೆ. ಸುಲಭ ಅಲ್ಲ, ಆದ್ರೆ ಎಷ್ಟೋ ಜನ ಕಲ್ತಿದಾರೆ."

ಹಾಡಿನ ಮಾತನ್ನು ಮೂವರೂ ಎತ್ತಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಅಕ್ಕ ಕನ್ನಡಿಯಲ್ಲಿ ತನ್ನ ಕುತ್ತಿಗೆ ನೋಡಿಕೊಂಡು, ಆಗಲೇ ಒಡೆದುಹೋಗಿದ್ದ ದನಿಯಲ್ಲಿ ಹೇಳಿದಳು: "ಮರಿ, ಅದಕ್ಕೆ ಮುಂಚೆ ಒಂದ್ಸಲ 'ಏಳು' ಹಾಡ್ಬೇಕು ಕಣೋ."

ತಮ್ಮ ತನ್ನ ಕೈಗಳನ್ನು ನೋಡಿಕೊಂಡ. ಆ ಹಾಡಿಗೆ ಡ್ರಮ್ಸ್ ಬಾರಿಸಬೇಕಾದವನು ಅವನೇ.

ಅಕ್ಕ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ದಿನವೆಲ್ಲ ಹಬೆಯಲ್ಲಿ ನಿಂತು ಪರರ ಕೋಟುಗಳ ಸುಕ್ಕು ತೆಗೆಯುವುದು, ವಾರಕ್ಕೆರಡು ಸಂಜೆ ಮರಗೆಲಸದ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ ತನ್ನ ರಾಕ್ ತಂಡದೊಂದಿಗೆ ಹಾಡುವುದು, ಇದು ಅವಳ ಬಾಳು. ತಮ್ಮ ಲಿಫ್ಟ್ ಮೆಕ್ಯಾನಿಕ್. ಅವನ ಮೀಸೆ ನರೆಯಲು ಶುರುವಾಗಿದ್ದರೂ ಅಕ್ಕನ ಬಾಯಲ್ಲಿ ಅವನಿನ್ನೂ 'ಮರಿ'. ಮೊದಲು ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು ಅಕ್ಕನ ಗಂಡ. ಮದುವೆ ಮುರಿದಾಗ ಅವನು ಮನೆ ಬಿಟ್ಟ, ತಂಡವನ್ನೂ ಬಿಟ್ಟ. ಡ್ರಮ್ಸ್ ಮಾತ್ರ ಕೋಣೆಯಲ್ಲೇ ಉಳಿಯಿತು. ಕೆಲವು ತಿಂಗಳು ಅದು ಧೂಳು ತಿಂದಮೇಲೆ ಅಕ್ಕ ತಮ್ಮನನ್ನು ಕರೆದೊಯ್ದು, "ಜಾಗ ಖಾಲಿ ಇದೆ, ಕೂತ್ಕೋ" ಎಂದಿದ್ದಳು. ಕೂತ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿಕೊಂಡು ಸರಳವಾದ ಹಾಡುಗಳನ್ನು ಹೇಗೋ ಎಳೆದುಕೊಂಡು ಹೋಗುವಷ್ಟು ಕಲಿತ.

'ಏಳು' ಹಾಗಲ್ಲ. ಅದು ಅಕ್ಕ ಮತ್ತು ಭಾವ ಒಲವಿನಲ್ಲಿದ್ದ ಕಾಲದಲ್ಲಿ ಕೂಡಿ ಕಟ್ಟಿದ ಹಾಡು. ಮಲಗಿದವರನ್ನು 'ಏಳು, ಏಳು' ಎಂದು ಎಬ್ಬಿಸುವ ಹಾಡು; ಜೊತೆಗೆ ಅದರ ನಡುಭಾಗ ಏಳರ ಲೆಕ್ಕದಲ್ಲಿತ್ತು. ಶುರುವಿನಲ್ಲಿ ಎಲ್ಲ ಹಾಡಿನಂತೆ ನಾಲ್ಕರಲ್ಲೇ ನಡೆದು, ಇದ್ದಕ್ಕಿದ್ದಂತೆ ಏಳಕ್ಕೆ ಜಿಗಿಯುತ್ತಿತ್ತು. ಅಲ್ಲಿ ಬಲಗಾಲು ದೊಡ್ಡ ಡ್ರಮ್ಮಿನ ಪೆಡಲನ್ನು ಜೋಡಿಜೋಡಿಯಾಗಿ ಒದೆಯಬೇಕು, ಎಡಗೈ ನಡುನಡುವೆ ಕೇಳಿಸೀ ಕೇಳಿಸದ ಹಾಗೆ ತಟ್ಟಬೇಕು. ಕೊನೆಗೆ ಎರಡೂ ಕೈ ಎಲ್ಲ ಡ್ರಮ್ಮುಗಳ ಮೇಲೆ ಉರುಳಿಕೊಂಡು ಬಂದು ಮತ್ತೆ ನಾಲ್ಕಕ್ಕೆ ಇಳಿಯುವ ಗಳಿಗೆಯಲ್ಲೇ ಅಕ್ಕನ ಅತಿ ಎತ್ತರದ 'ಏಳೂ!' ಬರಬೇಕು. ಡ್ರಮ್ಸಿನವನು ಕೂದಲೆಳೆ ತಪ್ಪಿದರೂ ಆ ಕೂಗು ಗಾಳಿಪಾಲು.

ಮೊದಲ ಸಂಜೆ ತಮ್ಮನ ಕೈ ಏರಿಗೆಳೆದರೆ ಕಾಲು ನೀರಿಗೆಳೆಯಿತು. "ಈ ಪೆಡಲ್ ಸಡಿಲ ಆಗಿದೆ ಅಕ್ಕಾ" ಎಂದ.

"ಹೌದಪ್ಪ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ." ಅಕ್ಕ ನಕ್ಕಳು, ನಗು ಕೆಮ್ಮಾಯಿತು. ಕೆಮ್ಮು ನಿಂತಮೇಲೆ ಅವನ ಪಕ್ಕ ಕೂತು ಹೇಳಿದಳು: "ಎಣಿಸ್ಬೇಡ. ಎಣಿಸಿದ್ರೆ ಎಡವ್ತೀಯ. ಹೀಗೆ ಹೇಳ್ಕೋ: ಬೇಗ ಬಾ, ಹಸಿವಿದೆ. ಬೇ-ಗ-ಬಾ, ಹ-ಸಿ-ವಿ-ದೆ. ಮೂರು, ನಾಲ್ಕು. ಏಳಾಯ್ತಲ್ಲ?"

ಅಲ್ಲಿಂದ ಅವನಿಗೆ ಅದೇ ಜಪ. ಲಿಫ್ಟಿನ ಗುಂಡಿಗಿಳಿದು ಹಗ್ಗಕ್ಕೆ ಎಣ್ಣೆ ಹಾಕುವಾಗಲೂ ಬೇಗ ಬಾ ಹಸಿವಿದೆ, ಬಸ್ಸಿನಲ್ಲಿ ತೊಡೆ ತಟ್ಟಿಕೊಳ್ಳುವಾಗಲೂ ಬೇಗ ಬಾ ಹಸಿವಿದೆ. ಒಂದು ದಿನ ಅವನು ಗುಂಡಿಯಿಂದ ಮೇಲೆ ಹತ್ತಿ ಬಂದರೆ, ಮೂರನೇ ಮಹಡಿಯ ಅಜ್ಜಿಯೊಬ್ಬರು ಎರಡು ಬಾಳೆಹಣ್ಣು ಹಿಡಿದು ನಿಂತಿದ್ದರು. "ಆಗಿಂದ ಹಸಿವು ಹಸಿವು ಅಂತಿದ್ದೀಯಲ್ಲಪ್ಪ, ಮೊದಲು ಇದನ್ನ ತಿನ್ನು." ಅವನು ಸಂಕೋಚದಿಂದ ತಿಂದ. ಅಕ್ಕನಿಗೆ ಈ ಕತೆ ಹೇಳಿದಾಗ ಅವಳು ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ನಿಧಾನವಾಗಿ ಬಾರಿಸಿದರೆ ನಡುಭಾಗ ಕೈಗೆ ಸಿಗತೊಡಗಿತು. ವೇಗ ಹೆಚ್ಚಿಸಿದ ಕೂಡಲೇ ಕಾಲು ಕೈಕೊಡುತ್ತಿತ್ತು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಗಿಟಾರಿನವನು ಮೃದು ಮನಸ್ಸಿನವನು. "ಸ್ವಲ್ಪ ನಿಧಾನಕ್ಕೇ ಇಟ್ಕೊಳ್ಳೋಣ ಬಿಡಿ, ಯಾರು ಕೇಳ್ತಾರೆ?" ಎಂದ.

"ನಿಧಾನ ಮಾಡಿದ್ರೆ ಸಾಲು ಉದ್ದ ಆಗುತ್ತೆ. ಅಷ್ಟು ಉಸಿರು ನನ್ನತ್ರ ಇಲ್ಲ" ಎಂದಳು ಅಕ್ಕ.

ಹಾಗಾಗಿ ಮತ್ತೆ ಅದೇ ವೇಗ, ಮತ್ತೆ ಅದೇ ತಪ್ಪು. ಅವನು ದಾರಿ ತಪ್ಪಿದಾಗಲೆಲ್ಲ ಅಕ್ಕ ಅರ್ಧಕ್ಕೆ ನಿಲ್ಲಿಸಿ, ಕರವಸ್ತ್ರ ಬಾಯಿಗೊತ್ತಿ ಕೆಮ್ಮಿ, "ಪರವಾಗಿಲ್ಲ, ಮತ್ತೆ" ಎನ್ನುತ್ತಿದ್ದಳು. ಒಂದು ಸಂಜೆ ಅವಳು ಕರವಸ್ತ್ರವನ್ನು ಮಡಚುವ ಮುಂಚೆ ಅದರಲ್ಲಿದ್ದ ಕೆಂಪು ಕಲೆ ತಮ್ಮನಿಗೆ ಕಂಡಿತು. ಆ ದಿನ ಮನೆಗೆ ನಡೆದು ಬರುವಾಗ ಅವನಿಗೆ ಸತ್ಯ ಹೊಳೆಯಿತು. ಅವನು ಕಲಿಯುತ್ತಿರುವುದು ಅಕ್ಕನ ಗಂಟಲಿನ ಖರ್ಚಿನಲ್ಲಿ. ಅವಳಲ್ಲಿ ಉಳಿದಿರುವ ದನಿಯನ್ನು ಅವನ ಒಂದೊಂದು ತಪ್ಪೂ ತಿನ್ನುತ್ತಿದೆ.

ಮರುದಿನವೇ ಆಸ್ಪತ್ರೆಯಿಂದ ಫೋನು ಬಂತು. ಗಡ್ಡೆ ಅಂದುಕೊಂಡದ್ದಕ್ಕಿಂತ ಬೇಗ ಬೆಳೆಯುತ್ತಿದೆ, ಆಪರೇಷನ್ನು ಮುಂದಿನ ವಾರದ ಮೊದಲಲ್ಲೇ ಆಗಬೇಕು. ತಂಡಕ್ಕೆ ಉಳಿದದ್ದು ಒಂದೇ ಸಂಜೆ.

ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಊರಾಚೆಯ ಟೈರಿನಂಗಡಿಗೆ ಹೋದ. ಭಾವ ನೀರು ತುಂಬಿದ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ, ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡುತ್ತಿದ್ದ. ತಲೆ ಎತ್ತಿದವನ ಮುಖದಲ್ಲಿ ಮೊದಲು ಬೆರಗು, ಆಮೇಲೆ ಅಳುಕು.

"ಭಾವ, ಚೆನ್ನಾಗಿದೀರಾ?"

"ಇನ್ನೂ ಭಾವ ಅಂತೀಯಲ್ಲೋ."

"ಬೇರೇನು ಅನ್ನಲಿ? ನಾಲಿಗೆಗೆ ಅದೇ ರೂಢಿ."

ತಮ್ಮ ವಿಷಯ ಹೇಳಿದ. ಭಾವನಿಗೆ ಏನೂ ಗೊತ್ತಿರಲಿಲ್ಲ. ಅವನ ಕೈ ತೊಟ್ಟಿಯಲ್ಲೇ ಉಳಿಯಿತು. ಟ್ಯೂಬು ಜಾರಿ ಮೇಲೆ ತೇಲಿತು.

"ಅವಳು ಕರೆದ್ಲಾ ನನ್ನ?"

"ಇಲ್ಲ, ನಾನೇ ಬಂದೆ. ನನ್ನ ಕೈಲಿ ಆಗ್ತಿಲ್ಲ ಭಾವ."

"ನನ್ನ ಮುಖ ಕಂಡ್ರೆ ಬೈದು ಓಡಿಸ್ತಾಳೆ."

"ಬೈಯ್ಯೋಕೂ ಇನ್ನು ನಾಲ್ಕು ದಿನ ಅಷ್ಟೇ ಇರೋದು. ಬಂದು ಬೈಸ್ಕೊಳ್ಳಿ."

ಭಾವ ತೇಲುತ್ತಿದ್ದ ಟ್ಯೂಬನ್ನು ಎತ್ತಿಟ್ಟು ಕೈ ಒರೆಸಿಕೊಂಡ. "ಕೋಲು ಮುಟ್ಟಿ ವರ್ಷದ ಮೇಲಾಯ್ತು" ಎಂದನೇ ಹೊರತು, ಬರುವುದಿಲ್ಲ ಎನ್ನಲಿಲ್ಲ.

ತಂಡದ ಆ ಕೊನೆಯ ಸಂಜೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದು ಕೇಳಿದಾಗಲೇ ಅಕ್ಕ ಮೈಕಿನ ವೈರು ಬಿಡಿಸುತ್ತಿದ್ದವಳು ನಿಂತುಬಿಟ್ಟಳು. ಭಾವ ಬಾಗಿಲಲ್ಲಿ ನಿಂತ. ಗಿಟಾರಿನವನು ಸುಮ್ಮಸುಮ್ಮನೆ ತಂತಿ ತಿರುಪತೊಡಗಿದ. ಅಕ್ಕ ಭಾವನನ್ನು ನೋಡಲಿಲ್ಲ, ತಮ್ಮನನ್ನು ನೋಡಿದಳು.

"ನೀನು ಕರೆದ್ಯಾ?"

"ಹೂಂ."

"ನೀನೇ ಬಾರಿಸ್ತೀಯ ಅಂದ್ಕೊಂಡಿದ್ದೆ, ಮರಿ."

"ನಾನು ಕಲಿಯೋ ಹೊತ್ತಿಗೆ ನಿನ್ನ ದನಿ ಮುಗಿದಿರುತ್ತೆ ಅಕ್ಕಾ. ಬೇಡ. ಒಂದ್ಸಲ ಆದ್ರೂ ನೀನು ಸರಿಯಾಗಿ ಹಾಡು."

ಅಕ್ಕ ಹತ್ತಿರ ಬಂದು ಇಸ್ತ್ರಿಯಿಂದ ಒರಟಾಗಿದ್ದ ಅಂಗೈಯನ್ನು ಅವನ ಕೆನ್ನೆಗಿಟ್ಟಳು. ಆಮೇಲೆ ಭಾವನಿಗೆ ಡ್ರಮ್ಸಿನ ಕಡೆ ಗದ್ದ ಎತ್ತಿ ತೋರಿಸಿದಳು. ಅಷ್ಟೇ, ಬೈಗುಳವಿಲ್ಲ.

ಗಿಟಾರಿನವನು ಫೋನು ಹೊರತೆಗೆದು, ರೆಕಾರ್ಡ್ ಮಾಡಲೇ ಎಂದು ಕೇಳಿದ. "ಬೇಡ" ಎಂದಳು. "ಆಮೇಲೆ ಅದನ್ನ ಕೇಳ್ಕೊಂಡು ಕೂರೋಕೆ ನನ್ನಿಂದ ಆಗಲ್ಲ."

ತಮ್ಮ ಹಲಗೆಗಳ ರಾಶಿಯ ಮೇಲೆ ಕೂತ. ತಾನು ಇಷ್ಟು ದಿನ ಕೂರುತ್ತಿದ್ದ ಸ್ಟೂಲನ್ನು ಭಾವ ತನ್ನ ಎತ್ತರಕ್ಕೆ ತಿರುಪಿಕೊಂಡಾಗ ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಕರೆದದ್ದು ತಾನೇ ಎಂದು ಗೊತ್ತಿದ್ದರೂ ಹೊಟ್ಟೆಯುರಿ ನಿಲ್ಲಲಿಲ್ಲ.

ಹಾಡು ಶುರುವಾಯಿತು. ಅಕ್ಕನ ದನಿ ಹರಿದ ಬಟ್ಟೆಯಂತಿತ್ತು. ಆದರೂ ಅವಳು ಅದನ್ನು ತಡೆಹಿಡಿಯಲಿಲ್ಲ, ನಾಳೆಗೆಂದು ಚೂರೂ ಮಿಗಿಸಿಕೊಳ್ಳಲಿಲ್ಲ. ಏಳರ ಭಾಗ ಬಂತು. ತಮ್ಮ ಭಾವನ ಕೈಯನ್ನೇ ನೋಡಬೇಕೆಂದುಕೊಂಡಿದ್ದವನು ಅವನ ಕಣ್ಣನ್ನು ನೋಡಿದ. ಭಾವ ಡ್ರಮ್ಮುಗಳ ಕಡೆ ನೋಡುತ್ತಲೇ ಇರಲಿಲ್ಲ. ಅವನ ಕಣ್ಣಿದ್ದದ್ದು ಅಕ್ಕನ ಬೆನ್ನಿನ ಮೇಲೆ, ಉಸಿರೆಳೆದಾಗ ಮೇಲೇಳುವ ಅವಳ ಹೆಗಲಿನ ಮೇಲೆ. ಹೆಗಲು ಎದ್ದಾಗ ಅವನ ಕಾಲು ಮುಂದಾಗುತ್ತಿತ್ತು. ಅವಳಿಗೆ ಉಸಿರು ಸಾಲದಾದಾಗ ಯಾರಿಗೂ ತಿಳಿಯದಷ್ಟು ಕಾಯುತ್ತಿತ್ತು. ಕೈಗಳು ಉರುಳಿಕೊಂಡು ಬಂದವು, ಇಳಿದವು, ಇಳಿದ ಜಾಗದಲ್ಲೇ ಅಕ್ಕ 'ಏಳೂ!' ಎಂದಳು. ಕೂಗು ಕೊನೆಯಲ್ಲಿ ಸೀಳಿತು. ಆದರೂ ಕೆಳಗಿನ ಕಾರ್ಖಾನೆಯಲ್ಲಿ ಮರ ಉಜ್ಜುತ್ತಿದ್ದ ಬಡಗಿ ಕೆಲಸ ನಿಲ್ಲಿಸಿದ್ದು ಎಲ್ಲರಿಗೂ ಕೇಳಿಸಿತು.

ಹಾಡು ಮುಗಿಯಿತು. ಭಾವ ಕೋಲುಗಳನ್ನು ಸ್ಟೂಲಿನ ಮೇಲಿಟ್ಟು ಬಾಗಿಲ ಹತ್ತಿರ ಹೋದ.

"ಊಟ ಆಯ್ತಾ?" ಅಕ್ಕ ಕೇಳಿದಳು. ಪಿಸುಮಾತಿಗಿಂತ ತುಸು ಮೇಲಷ್ಟೇ ಇತ್ತು ಆ ದನಿ.

"ಇನ್ನೂ ಆಗ್ಬೇಕು."

"ಹೊತ್ತಾಯ್ತು. ಹೋಗಿ ಊಟ ಮಾಡು."

ಅವಳ ದನಿಯಲ್ಲಿ ಅವನು ಕೇಳಿದ ಕೊನೆಯ ಮಾತು ಅದು. ಭಾವ ಕೆಳಗಿಳಿದು ಬೀದಿಯಲ್ಲಿ ಗೋಡೆಗೆ ಹಣೆ ಒತ್ತಿ ನಿಂತದ್ದನ್ನು ತಮ್ಮ ಕಿಟಕಿಯಿಂದ ಕಂಡ, ಅಕ್ಕನಿಗೆ ಹೇಳಲಿಲ್ಲ.

ಆಪರೇಷನ್ನು ಸರಿಯಾಯಿತು ಎಂದರು ಡಾಕ್ಟರು. ಜೀವ ಉಳಿಯಿತು. ಅಕ್ಕ ಈಗ ಕುತ್ತಿಗೆಯ ಕೆಳಗಿನ ಒಂದು ಸಣ್ಣ ತೂತಿನಿಂದ ಉಸಿರಾಡುತ್ತಿದ್ದಳು, ಅದರ ಮೇಲೆ ತೆಳುವಾದ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಮಾತು ಕಲಿಸುವವರ ಹತ್ತಿರ ಕೆಲವು ಸಲ ಹೋಗಿ, ಬಂದ ದನಿ ತನ್ನದಲ್ಲವೆಂದು ಬಿಟ್ಟಳು. ಬೇಕಾದ್ದನ್ನು ಕೈಸನ್ನೆಯಲ್ಲಿ, ತುಟಿಯಲ್ಲಿ ಹೇಳುತ್ತಿದ್ದಳು. ಇಸ್ತ್ರಿ ಕೆಲಸಕ್ಕೆ ಮರಳಿದಳು. ಕೋಟಿಗೆ ಮಾತು ಬೇಡವಲ್ಲ. ತಮ್ಮ ಮಾತ್ರ ಡ್ರಮ್ಸಿನ ಕೋಣೆಯ ಕಡೆ ತಲೆಹಾಕಲಿಲ್ಲ. ಸಂಜೆ ಅಕ್ಕನ ಮನೆಯಲ್ಲಿ ಕೂತರೆ ಎರಡು ಜನರ ಮಾತನ್ನು ಅವನೊಬ್ಬನೇ ಆಡಬೇಕು. ಆಡಿ ಆಡಿ ಸುಸ್ತಾಗಿ ಸುಮ್ಮನಾದಾಗ ಕೇಳಿಸುತ್ತಿದ್ದದ್ದು ಅವಳ ಹೊಸ ಉಸಿರು ಮಾತ್ರ, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ.

ತಿಂಗಳುಗಳು ಕಳೆದು, ಮರ ಪೇರಿಸಲು ಮೇಲಿನ ಕೋಣೆ ತನಗೇ ಬೇಕೆಂದು ಬಡಗಿ ಹೇಳಿ ಕಳುಹಿಸಿದ. ಗಿಟಾರಿನವನು ತನ್ನ ಸಾಮಾನು ಒಯ್ದ. ಡ್ರಮ್ಸ್ ಒಯ್ಯಲು ಅಕ್ಕ, ತಮ್ಮ ಇಬ್ಬರೇ ಹೋದರು.

ತಮ್ಮ ಸ್ಪ್ಯಾನರ್ ತೆಗೆದು ಬಿಚ್ಚಲು ಬಗ್ಗಿದಾಗ ಅಕ್ಕ ಅವನ ತೋಳು ಹಿಡಿದಳು. ಸ್ಟೂಲು ತೋರಿಸಿದಳು.

"ಬೇಡ ಅಕ್ಕಾ. ಕೈ ಮರೆತುಹೋಗಿದೆ."

ಅವಳು ಅಲುಗಲಿಲ್ಲ. ಅವನು ಕೂತ. ಅಕ್ಕ ಹೋಗಿ, ಮೈಕು ಇಲ್ಲದ ಖಾಲಿ ಜಾಗದಲ್ಲಿ, ಯಾವಾಗಲೂ ನಿಲ್ಲುತ್ತಿದ್ದಲ್ಲೇ ಅವನಿಗೆ ಬೆನ್ನು ಹಾಕಿ ನಿಂತಳು.

ಅವನು ಶುರು ಮಾಡಿದ. ಮೊದಲ ಸಾಲು ಬರಬೇಕಾದ ಕಡೆ ಅಕ್ಕನ ಹೆಗಲು ಎದ್ದಿತು. ಅವಳು ಹಾಡುವವಳ ಹಾಗೇ ಉಸಿರೆಳೆಯುತ್ತಿದ್ದಳು. ಕುತ್ತಿಗೆಯ ಬಟ್ಟೆಯ ಹಿಂದಿನಿಂದ ಆ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಏಳರ ಭಾಗದಲ್ಲಿ ಅವನು ಎಣಿಸಲಿಲ್ಲ, ಏನನ್ನೂ ಹೇಳಿಕೊಳ್ಳಲಿಲ್ಲ, ಆ ಉಸಿರಿನ ಹಿಂದೆ ಹೋದ. ಕಾಲು ಒಮ್ಮೆ ತೊದಲಿತು, ಸರಿಹೋಯಿತು. ಕೈಗಳು ಉರುಳಿಕೊಂಡು ಬಂದು ಇಳಿಯಬೇಕಾದಲ್ಲಿ ಇಳಿದವು. ಅಕ್ಕ ತಲೆ ಹಿಂದಕ್ಕೆಸೆದು ಬಾಯಿ ತೆರೆದಳು.

ಏನೂ ಬರಲಿಲ್ಲ. ಗಾಳಿ ಮಾತ್ರ ಬಂತು.

ಅವನು ಕೊನೆಯವರೆಗೂ ಬಾರಿಸಿದ. ಇಷ್ಟು ದಿನ ಬಯಸಿದ್ದು ಕೈಗೂಡಿತ್ತು, ಆದರೆ ಅವನಿಗೆ ಒಂದಿಷ್ಟೂ ಸಂತೋಷವಾಗಲಿಲ್ಲ. ಹಾಡಿಲ್ಲದ ಆ ಬಡಿತ ಯಾರೋ ಮನೆ ಖಾಲಿ ಮಾಡುವ ಸದ್ದಿನಂತಿತ್ತು. ಮುಂದಿದ್ದ ಸಣ್ಣ ಡ್ರಮ್ಮಿನ ಮೇಲೆ ತಲೆಯಿಟ್ಟು ಅವನು ಮಗುವಿನಂತೆ ಅತ್ತ. ಅಕ್ಕ ಬಂದು ಅವನ ಬೆನ್ನು ನೀವಿದಳು. ಅವನು ಮುಖ ಎತ್ತಿದಾಗ ತುಟಿಯಲ್ಲಿ, ನಿಧಾನವಾಗಿ, ಅವನಿಗೆ ಅರ್ಥವಾಗುವ ಹಾಗೆ ಹೇಳಿದಳು: ಚೆನ್ನಾಗಿತ್ತು. ಅವಳ ಕಣ್ಣೂ ತುಂಬಿತ್ತು.

ಆಮೇಲೆ ಒಂದೊಂದೇ ತಿರುಪು ಬಿಚ್ಚಿ ಎಲ್ಲವನ್ನೂ ಹಳೆಯ ಹೊದಿಕೆಗಳಲ್ಲಿ ಸುತ್ತಿದರು. ದೊಡ್ಡ ಡ್ರಮ್ಮನ್ನು ಇಬ್ಬರೂ ಹಿಡಿದು ಕಡಿದಾದ ಮೆಟ್ಟಿಲಿಳಿಸಬೇಕಾಯಿತು. ತಮ್ಮ ಹಿಂದುಹಿಂದಾಗಿ ಇಳಿಯುತ್ತಿದ್ದ, ಅವನಿಗೆ ಮೆಟ್ಟಿಲು ಕಾಣುತ್ತಿರಲಿಲ್ಲ. ಒಂದೊಂದು ಮೆಟ್ಟಿಲು ಬಂದಾಗಲೂ ಅಕ್ಕ ಮೇಲಿನಿಂದ ಡ್ರಮ್ಮಿನ ಮರವನ್ನು ಬೆರಳಿನಿಂದ ತಟ್ಟುತ್ತಿದ್ದಳು. ಅವನು ಕಾಲು ಚಾಚಿ, ನೆಲ ಸಿಕ್ಕಿದ ಮೇಲೆ ಭಾರ ಬಿಟ್ಟು, ಮುಂದಿನದಕ್ಕೆ ಕಾಯುತ್ತಿದ್ದ.