ಮಠದ ಹಿತ್ತಲಿನ ವಿಮಾನ

“ಇನ್ನ ಎಲ್ಲಿಂದ ಹೊರಗ ಒಯ್ಯಲೋ?”

ತೋಂಟೇಶ ಕೇಳಿದ್ದು ಯಾರನ್ನೂ ಅಲ್ಲ. ಕಾಶಿಯ ಆ ಮಠದ ಹಿತ್ತಲಲ್ಲಿ ಅವನೊಬ್ಬನೇ ಇದ್ದ. ರಜೆಗಳನ್ನೆಲ್ಲ ಸವೆಸಿ ಕಟ್ಟಿದ, ಒಬ್ಬರೇ ಕೂರುವ ವಿಮಾನದ ರೆಕ್ಕೆಗಳನ್ನು ಆಗಲೇ ಬಿಚ್ಚಿ ಲಾರಿಗೆ ಏರಿಸಿಯಾಗಿತ್ತು. ಉಳಿದದ್ದು ನಡುವಿನ, ಉಕ್ಕಿನ ಪೈಪುಗಳ ಗೂಡು. ಅದು ಹೊರಹಾದಿಯ ಬಾಯಲ್ಲಿ ಸಿಕ್ಕಿಕೊಂಡು, ಅವನನ್ನೂ ಒಳಗೇ ನಿಲ್ಲಿಸಿತ್ತು. ಹಿಂದಕ್ಕೆ ಎಳೆದರೆ ಹಿತ್ತಲಿಗೇ ಬರುತ್ತಿತ್ತು. ಮುಂದಕ್ಕೆ ಬೆರಳಿನಷ್ಟೂ ಇಲ್ಲ.

ಕಾಶಿಯಲ್ಲಿ ಹವ್ಯಾಸಕ್ಕೆ ಹಾರುವವರ ಸಂಘ ಹುಟ್ಟಿದ್ದೇ ಹೋದ ವರ್ಷ. ಅವರಿಗೆಲ್ಲ ಇದೇ ಮೊದಲ ವಿಮಾನ. ಹಾರಿಸಿ ನೋಡಲು ಸಿಕ್ಕ ಅನುಮತಿ ನಾಳೆಗೆ ಮುಗಿಯುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಕಲಿಸುತ್ತ ಮಠದಲ್ಲೇ ಮನೆ ಮಾಡಿದ್ದ ತೋಂಟೇಶ ಬಾಗಿಲು, ಹಾದಿ, ಗಲ್ಲಿಯ ತಿರುವು ಎಲ್ಲ ಮೊದಲೇ ಅಳೆದಿದ್ದ. ಆಮೇಲೆ ಅಪ್ಪ ತೀರಿಕೊಂಡರು. ಸತ್ತವರ ಹೆಸರಲ್ಲಿ ಲಿಂಗ ಸ್ಥಾಪಿಸುವುದು ಈ ಮಠದ ರೂಢಿ. ಗೋಡೆಗುಂಟ ಸಾಲು ಸಾಲು ಲಿಂಗಗಳಿವೆ. ಅಪ್ಪನ ಲಿಂಗಕ್ಕೆ ಈ ಹೊರಹಾದಿಯ ಬದಿಯಲ್ಲಿ ಜಾಗ ತೋರಿಸಿದವನೂ, ಪೀಠಕ್ಕೆ ಗಾರೆ ಮೆತ್ತಿದವನೂ ಅವನೇ. ಮಂತ್ರ ಕಿವಿಗೆ ಬೀಳುತ್ತಿದ್ದಾಗ ಅಳತೆ ನೆನಪಾಗಲಿಲ್ಲ. ಈಗ ಗೂಡು ಸಿಕ್ಕಿಕೊಂಡದ್ದು ಆ ಪೀಠಕ್ಕೇ.

“ನಹೀಂ ನಿಕ್ಲೇಗಾ, ಭೈಯಾ,” ಇದು ಹೊರಬರುವುದಿಲ್ಲ ಎಂದು ಹಾದಿಯ ಆಚೆಯಿಂದಲೇ ಹೇಳಿ ಲಾರಿಯವನು ಚಹಾಕ್ಕೆ ಹೋದ.

ಮಠದ ಉಸ್ತುವಾರಿ ಮರುಳಸಿದ್ದಯ್ಯ ಹಾದಿಯ ಕಡೆಯಿಂದ ಬಂದು ಗೂಡನ್ನು ತಟ್ಟಿದರು. “ಮ್ಯಾಲ ಎತ್ತಿ ದಾಟಸ್ರಲ್ಲ, ಮಾಸ್ತರ. ಹಾರೋದಲ್ಲೇನು ಇದು?”

“ತಲಿ ಮ್ಯಾಲ ಕಮಾನು ಐತಲ್ರೀ, ಅಯ್ಯಾರ.”

“ಹಂಗಾದ್ರ ಕೊಯ್ರಿ.”

“ಕೊಯ್ದು ಬೆಸೆದ ಪೈಪಿನ ಮ್ಯಾಲ ಕೂತು ನೀವು ಹಾರ್ತೀರೇನ್ರಿ?”

“ನಾ ಸೈಕಲ್ ಮ್ಯಾಲನ ಕೂಡಂಗಿಲ್ಲಪ್ಪ.” ಮರುಳಸಿದ್ದಯ್ಯ ದನಿ ತಗ್ಗಿಸಿದರು. “ಲಿಂಗ ನಿಮ್ಮ ಮನೀದು. ಅವ್ವಾರು ಹೂಂ ಅಂದ್ರ ಅದನ್ನ ಕದಲಸಾಕ ಸ್ವಾಮಿಗಳನ್ನ ನಾ ಕೇಳತೀನಿ.”

ಪೈಪುಗಳ ಸಂದಿಯಿಂದ ಅವ್ವ ಕಾಣುತ್ತಿದ್ದಳು. ಅನ್ನದಾನಮ್ಮ ದಿನದಂತೆ ಲಿಂಗಕ್ಕೆ ಪತ್ರೆ ಏರಿಸಿ ವಚನ ಹೇಳುತ್ತಿದ್ದಳು. ತೋಂಟೇಶ ಕೊನೆಯ ಸಾಲಿನವರೆಗೂ ಕಾದ. ನಡುವೆ ಬಾಯಿ ಹಾಕುವ ರೂಢಿ ಆ ಮನೆಯಲ್ಲಿರಲಿಲ್ಲ.

“ಯವ್ವಾ, ಒಂದ ದಿನದ ಮಟ್ಟಿಗೆ ಕದಲಸೋಣು. ಮತ್ತ ಇಲ್ಲೇ ಕೂಡಸ್ತೀನಿ, ಶಾಸ್ತ್ರದ ಪ್ರಕಾರನ.”

ಅವಳು ಗೂಡಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. “ನೌಕರಿ ಮುಗಿಯೂತನಾ ವರ್ಗಾ, ವರ್ಗಾ. ಒಂದ ಊರಾಗ ನಿಂತು ಉಂಡವರಲ್ಲ ನಿಮ್ಮಪ್ಪ.”

“ಗೊತ್ತೈತಿ.”

“ಈಗ ಇಲ್ಲಿ ಕುಂತಾರ.”

“ಯವ್ವಾ, ಇದು ಹೊರಗ ಹೋಗದಿದ್ರ ನಾ ಹಾರೂದ ಮುಗೀತು.”

“ಮುಗೀಲಿ,” ಎಂದಳು ಅನ್ನದಾನಮ್ಮ. “ಲಿಂಗ ಕದಲಸಾಕ ನಾ ಒಪ್ಪಂಗಿಲ್ಲ.”