ಪ್ಯಾಚು ಹಿಡಿಯಿತೇ

ಲೋಟ ಖಾಲಿಯಾಗಿದೆ, ಅಂಚಿನಲ್ಲಿ ಒಂದೇ ಒಂದು ಹನಿ, ಕುಡಿದದ್ದು ನಿಜವೋ ಕುಡಿದ ಹಾಗೆ ಕನಸು ಕಂಡದ್ದೋ — ನೋವಿನ ಇಂಜೆಕ್ಷನ್ ಕೊಟ್ಟ ಮೇಲೆ ಎಲ್ಲವೂ ಹೀಗೆಯೇ, ನೆನಪು ಯಾವುದು ನಿದ್ದೆ ಯಾವುದು ಅವನಿಗೆ ತಿಳಿಯುವುದಿಲ್ಲ — ಆದರೆ ಗಂಟಲು ತಣ್ಣಗಿದೆ, ನಾಲ್ಕು ದಿನದಿಂದ ಉಪ್ಪುಕಾಗದದ ಹಾಗೆ ಒರಟಾಗಿದ್ದ ಗಂಟಲು. ಹೆಂಡತಿ ಔಷಧಿ ತರಲು ಕೆಳಗೆ ಹೋಗುವಾಗ ಲೋಟದ ತುಂಬ ನೀರಿತ್ತು, ಹತ್ತಿ ಅದ್ದಿ ಅವನ ತುಟಿಗೆ ಒತ್ತಲು ಇಟ್ಟ ನೀರು, ತುಟಿಗೆ ಮಾತ್ರ ರೀ, ಒಳಗೆ ಒಂದು ಹನಿ ಹೋಗ್ಬಾರ್ದಂತೆ, ನಾಳೆ ಬಣ್ಣದ ನೀರು ಕುಡಿಸಿ ಎಕ್ಸ್‌ರೇ ತೆಗೀತಾರೆ, ಆಮೇಲೆ ಬೇಕಾದಷ್ಟು ಕುಡೀರಿ. ಹೂಂ ಅಂದಿದ್ದ. ಹೂಂ ಅನ್ನುವುದಕ್ಕೇನು, ತಿಂಗಳ ಹಿಂದೆ ಡಾಕ್ಟರಮ್ಮ ಹೇಳಿದ್ದಕ್ಕೆಲ್ಲ ಹೂಂ ಅಂದವನೇ, ಗಡ್ಡೆ ಇರೋ ತುಂಡು ತೆಗೆದು ಕರುಳಿನ ಎರಡು ತುದಿ ಜೋಡಿಸ್ತೀವಿ, ಜೋಡಿಸಿದ ಜಾಗ ಕೆಲವರಿಗೆ ಸೋರುತ್ತೆ, ಅದಕ್ಕೇ ನಿಮ್ಮ ತೊಡೆಯಿಂದ ಚೂರು ಸ್ನಾಯು ತಗೊಂಡು, ಅದರ ಜೀವಕೋಶ ಬೆಳೆಸಿ, ಹಾಳೆ ಮಾಡಿ ಹೊಲಿಗೆ ಮೇಲೆ ಹೊದಿಸ್ತೀವಿ, ಬೇಗ ಕೂಡಿಕೊಳ್ಳಲಿ ಅಂತ, ಹೊಸ ವಿಧಾನ, ಇಲ್ಲಿ ನೀವು ಮೂರನೆಯವರು. ಪ್ಯಾಚಾ ಅಮ್ಮಾ? ಹೌದು ಅನ್ನಿ, ಪ್ಯಾಚೇ, ಅಂತ ಅವರು ನಕ್ಕಿದ್ದರು. ಅಲ್ಲಿಗೆ ಅವನಿಗೆ ಸಮಾಧಾನ, ಮೂವತ್ತೆರಡು ವರ್ಷ ಪಂಚರ್ ಅಂಗಡಿ ಇಟ್ಟವನಿಗೆ ಪ್ಯಾಚಿನ ವಿಷಯ ಯಾರು ಹೇಳಿಕೊಡಬೇಕು, ಉಜ್ಜು, ಸೊಲ್ಯೂಷನ್ ಹಚ್ಚು, ಒಣಗಲು ಬಿಡು, ಅಂಟಿಸು, ಸುತ್ತಿಗೆಯಿಂದ ಮೆಲ್ಲಗೆ ತಟ್ಟು, ಕೊನೆಗೆ ಗಾಳಿ ತುಂಬಿ ಬೋಗುಣಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೋ ನೋಡು — ನೀರಿಗೆ ಹಾಕಿ ನೋಡದೆ ಒಂದು ಟ್ಯೂಬನ್ನೂ ಗಿರಾಕಿಯ ಕೈಗೆ ಕೊಟ್ಟವನಲ್ಲ, ಅರ್ಜೆಂಟಪ್ಪಾ ಅಂದರೆ, ಅವಸರ ಇದ್ರೆ ನಡ್ಕೊಂಡು ಹೋಗಿ ಅನ್ನುತ್ತಿದ್ದ. ಇಲ್ಲಿ ನಾಲ್ಕು ದಿನವಾಯಿತು, ಯಾರೂ ಪರೀಕ್ಷೆ ಮಾಡಿಲ್ಲ! ದಿನಾ ಬೆಳಿಗ್ಗೆ ಡಾಕ್ಟರುಗಳು ಬಂದು ಕೆಳಗಿನಿಂದ ಗಾಳಿ ಹೋಯ್ತಾ ಅಂತ ಕೇಳುತ್ತಾರೆ, ಇಲ್ಲ ಅಂದರೆ ಮುಖ ಸಪ್ಪಗೆ ಮಾಡುತ್ತಾರೆ, ಗಾಳಿ ಹೋದರೆ ಸಂತೋಷಪಡುವ ಜನರನ್ನು ಅವನು ಕಂಡದ್ದೇ ಇಲ್ಲಿ. ತೊಡೆಯ ಸ್ನಾಯು ಕರುಳಿನ ಮೇಲೆ ಕೂತು ಏನು ಮಾಡುತ್ತಿರಬಹುದು, ತಾನಿನ್ನೂ ತೊಡೆಯೇ ಅಂದುಕೊಂಡಿದೆಯೋ, ಎದ್ದು ನಡೆಯಲು ಹೊರಟರೆ — ನಗು ಬಂತು, ನಕ್ಕರೆ ಹೊಟ್ಟೆ ಹರಿದುಹೋಗುವಷ್ಟು ನೋವು.

ಆಗಲೇ ಕೈ ಚಾಚಿದ್ದು, ಅದು ನೆನಪಿದೆ. ಒಂದು ಗುಟುಕು ಹಾಕಿ ನೋಡೋಣ, ಸೋರಿದರೆ ಪಕ್ಕೆಯಿಂದ ಚೀಲಕ್ಕೆ ಇಳಿಯುವ ಈ ನಳಿಕೆಯಲ್ಲಿ ಗೊತ್ತಾಗುತ್ತದೆ, ಹಾಗೆ ಯೋಚಿಸಿದವನು ತಾನೇ, ಲೋಟ ಮುಟ್ಟಿದ್ದೂ ನಿಜ, ಆಮೇಲೆ ಒಂದು ಗುಟುಕೋ ಇಡೀ ಲೋಟವೋ, ಅಲ್ಲ, ನರ್ಸಮ್ಮ ಬಂದು ಚೆಲ್ಲಿದರೋ, ಬಿಳಿ ಸೀರೆಯೊಂದು ಸುಳಿದ ಹಾಗಿತ್ತು, ಇಲ್ಲಿ ಯಾರು ಸೀರೆ ಉಡುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಮೂರು ವಾರ ತಟ್ಟೆಯಲ್ಲಿಟ್ಟು ಕೂಸಿನ ಹಾಗೆ ಸಾಕಿದ್ದರಂತೆ ಆ ಜೀವಕೋಶಗಳನ್ನು. ಸೋರಿದರೆ ಮತ್ತೆ ಹೊಟ್ಟೆ ಕೊಯ್ಯಬೇಕು, ಮಲಕ್ಕೆ ಹೊರಗೆ ಚೀಲ ಕಟ್ಟಬೇಕು, ಅದನ್ನು ಕಟ್ಟಿಕೊಂಡು ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂರುವುದು ಹೇಗೆ, ಅವನಿಗೆ ಭಯವಾಗುತ್ತದೆ, ಅಳುವಷ್ಟು ಭಯ. ರೀ, ಹೆಂಡತಿ ಬಂದಿದ್ದಾಳೆ, ಲೋಟ ಯಾಕೆ ಖಾಲಿ, ನರ್ಸ್ ಚೆಲ್ಲಿದ್ರಾ? ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ — ಹೂಂ, ಇನ್ನೊಂದು ಹೂಂ. ಅಬ್ಬ, ನೀವೇ ಕುಡಿದ್ರೇನೋ ಅಂತ ಎದೆ ಧಸಕ್ ಅಂತು, ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ. ಹೇಳಿಬಿಡಬೇಕು, ಈಗಲೇ, ಇವಳಿಗೆ ಸುಳ್ಳು ಹೇಳಿದವನಲ್ಲ, ಹೇಳಿದ್ದರೂ ಇಷ್ಟು ದೊಡ್ಡದಲ್ಲ, ಆದರೆ ಏನಂತ ಹೇಳುವುದು, ಕುಡಿದೆನೋ ಇಲ್ಲವೋ ಅಂತಲೇ ಗೊತ್ತಿಲ್ಲವಲ್ಲ, ಅವಳು ಹಣೆ ಮುಟ್ಟುತ್ತಾಳೆ, ಬೆಚ್ಚಗಿದೆಯಲ್ಲ, ಹತ್ತಿ ಒತ್ತುತ್ತಾಳೆ, ತುಟಿ ಆಗ್ಲೇ ಒದ್ದೆ ಇದೆಯಲ್ಲ ರೀ, ಅವನು ಕಣ್ಣು ತಗ್ಗಿಸುತ್ತಾನೆ, ನಳಿಕೆಯಲ್ಲಿ ತಿಳಿಗೆಂಪು ನೀರು, ಬೆಳಿಗ್ಗೆ ಇದ್ದ ಬಣ್ಣವೇ, ಅದೇ ಬಣ್ಣ, ಅದರ ನಡುವೆ ಒಂದು ಗುಳ್ಳೆ, ಮುಂಚಿನಿಂದ ಇದ್ದದ್ದೋ ಈಗ ಎದ್ದದ್ದೋ, ಬೋಗುಣಿಯಲ್ಲಾದರೆ ಬೆರಳಿಟ್ಟು ನೋಡಬಹುದಿತ್ತು, ಗುಳ್ಳೆ ಅಲುಗುವುದಿಲ್ಲ, ಏನ್ ನೋಡ್ತಿದೀರಾ ರೀ, ಮಾತಾಡಿ, ಗುಳ್ಳೆ, ಒಂದೇ ಗುಳ್ಳೆ, ಅದರ ಹಿಂದೆ ಇನ್ನೊಂದು